ಕಣಜದ ಮಾಳಿಗೆಯೂ ಬಾಯಿ ಕಟ್ಟಿದ ಪದವೂ

“ನೀನು ಉಸುರು ತಗ. ನಾನು ಹಿಡ್ಕಂಡಿದೀನಿ.”

ಬೊಮ್ಮವ್ವ ತನ್ನ ಗಂಡ ಓಬಳಯ್ಯನಿಗೆ ಹೇಳಿದ ಕಡೇ ಮಾತು ಇದು. ದೀಪ ಹಚ್ಚುವ ಹೊತ್ತು. ಜ್ವರ ತಲೆಗೇರಿತ್ತು. ತಾನು ಚಾಪೆಯ ಮೇಲೆ ಮಲಗಿದ್ದೇನೆ ಅನ್ನುವುದು ಅವಳಿಗೆ ಮರೆತೇ ಹೋಗಿತ್ತು. ಮಾಳಿಗೆಯ ಮೇಲೆ ಕೂತು ಗಾರೆ ಬಡಿಯುತ್ತಿದ್ದೇನೆ ಅಂದುಕೊಂಡಿದ್ದಳು. ಕೈ ಚಾಪೆಯನ್ನು ಬಡಿಯುತ್ತಿತ್ತು, ಮೆಲ್ಲಗೆ. ಆಮೇಲೆ ಕೈ ನಿಂತಿತು.

ಇದು ಎಲ್ಲಿಯ ಮಾತು ಅಂತೀರಾ? ಒಂದು ಬೆಟ್ಟ. ಬೆಟ್ಟದ ನೆತ್ತಿಗೆ ಒಂದು ಕೋಟೆ. ಕೋಟೆಗೆ ಒಬ್ಬ ಅರಸ. ಅರಸನಿಗೆ ಕಳ್ಳರ ಭಯವಿರಲಿಲ್ಲ, ಹುಲಿಯ ಭಯವಿರಲಿಲ್ಲ, ಶತ್ರುವಿನ ಭಯವೂ ಇರಲಿಲ್ಲ. ಇದ್ದದ್ದು ಮಳೆಯ ಭಯ ಒಂದೇ. ಆ ಬೆಟ್ಟದ ಮೇಲೆ ಹೆಂಚು ನಿಲ್ಲುತ್ತಿರಲಿಲ್ಲ, ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಹುಲ್ಲು ಹೊದಿಸಿದರೆ ಹಾರುತ್ತಿತ್ತು. ಅದಕ್ಕೆ ಅಲ್ಲಿ ಎಲ್ಲದಕ್ಕೂ ಗಾರೆಯ ಮಾಳಿಗೆ.

ಗಾರೆ ಮಾಡುವವರ ಕೇರಿ ಕೋಟೆಯ ಕೆಳಗಿತ್ತು. ಬೆಂದ ಸುಣ್ಣಕ್ಕೆ ಮರಳು, ಇಟ್ಟಿಗೆಯ ಚೂರು ಸೇರಿಸುವರು. ಬೆಲ್ಲದ ನೀರು ಹಾಕುವರು. ಅಳಲೆಕಾಯಿಯ ನೀರು ಹಾಕುವರು. ಮಾಳಿಗೆಯ ಮೇಲೆ ಹರಡಿ ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಮರದ ಕೊಡತಿಯಿಂದ ಬಡಿಯುವರು. ಬಡಿದ ಕೊಡತಿ ತಾನಾಗಿ ಪುಟಿದು ಮೇಲೆ ಬರಬೇಕು. ಅಲ್ಲಿಯವರೆಗೆ ಬಡಿಯಬೇಕು. ನಡುವೆ ನಿಲ್ಲಿಸಿದರೆ ನಿಂತ ಕಡೆ ಗಾರೆ ಬೇರೆಯಾಗಿ ಬಿಗಿಯುತ್ತದೆ. ಅಲ್ಲೇ ಬಿರುಕು. ಅಲ್ಲೇ ಸೋರಿಕೆ.

ನಿಲ್ಲದ ಹಾಗೆ ಬಡಿಯುವುದು ಹೇಗೆ? ಪದ ಹೇಳಿಕೊಂಡು.

ಬಿಳಿಯ ಸುಣ್ಣಕ್ಕೆ ಬೆಲ್ಲದ ನೀರು, ಬಡಿಯಿರೇ
ಮಳೆರಾಯ ಬಂದಾನು, ಮಾಳಿಗೆ ಮುಚ್ಚಿರೇ

ಪದ ಎತ್ತುತ್ತಿದ್ದವಳು ಬೊಮ್ಮವ್ವ. ಅವಳು ಎತ್ತಿದರೆ ಸಾಲಿಗೆ ಸಾಲೇ ಹಿಡಿಯುತ್ತಿತ್ತು. ಓಬಳಯ್ಯ ಅವಳ ಪಕ್ಕ. ಅವನದು ಗಿಡ್ಡ ಉಸಿರು, ಚಿಕ್ಕಂದಿನಿಂದಲೂ. ಸಾಲಿನ ನಡುವೆ ದಮ್ಮು ಕಟ್ಟುತ್ತಿತ್ತು. ಆಗ ಬೊಮ್ಮವ್ವ ಮುಖ ತಿರುಗಿಸದೆ, ಕೊಡತಿ ನಿಲ್ಲಿಸದೆ ಆ ಮಾತು ಹೇಳುತ್ತಿದ್ದಳು. ಅವಳು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುವಾಗ ಅವನು ಹಿಡಿಯುತ್ತಿದ್ದ. ಹೀಗೇ ಅವರ ಸಂಸಾರ ನಡೆದಿತ್ತು. ಮಾಳಿಗೆಯ ಮೇಲೂ, ಮನೆಯೊಳಗೂ.

ಈಗ ಅವಳಿಲ್ಲ. ಓಬಳಯ್ಯ ಕೆಲಸಕ್ಕೆ ಬಂದ. ಕೊಡತಿ ಎತ್ತಿದ, ಬಡಿದ. ಬಾಯಿ ಮಾತ್ರ ತೆಗೆಯಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ಸಾಲಿಗೆಲ್ಲ ಹಿರಿಯಳಾದ ತಿಪ್ಪಜ್ಜಿ ಪದ ಎತ್ತಿದಳು. ಪದ ಕುಂಟಿತು, ಆದರೂ ನಡೆಯಿತು.

ಆಗ ಬಂದ ಹೊಸ ಪಾರುಪತ್ತೇಗಾರ, ಕೆಲಸ ನೋಡಿಕೊಳ್ಳುವವನು. ಹೆಸರು ನರಸೋಜಿ. ಚೂಪು ಮೀಸೆ. ಮೇಲೊಂದು ಕೊಡೆ. ಅರಸನೆದುರು ತಾನೊಬ್ಬ ಹಾಡುಗಾರ ಅಂತ ಹೇಳಿಕೊಳ್ಳುತ್ತಿದ್ದ. ಅರಸ ಅವನಿಗೆ ಮೂರು ಮಾಳಿಗೆ ಒಪ್ಪಿಸಿದ. ಕುದುರೆ ಲಾಯದ್ದು ಒಂದು, ಕೋವಿಮದ್ದಿನ ಮನೆಯದ್ದು ಒಂದು, ಕಣಜದ್ದು ಒಂದು.

ಮೊದಲು ಕುದುರೆ ಲಾಯ.

ನರಸೋಜಿ ಕೊಡೆಯ ಕೆಳಗೆ ನಿಂತು ಬಾಯಿಗಳನ್ನು ನೋಡಿದ. ಕೈ ನೋಡಲಿಲ್ಲ. ಗಾರೆ ನೋಡಲಿಲ್ಲ. ಬಾಯಿ ನೋಡಿದ.

“ಏಯ್ ಮುದುಕಿ! ಯಾಕೆ ಬಾಯಿ ಮುಚ್ಚಿದೆ?”

“ಉಸುರು ತಗಂಡೆ ಬುದ್ಧಿ,” ಅಂದಳು ತಿಪ್ಪಜ್ಜಿ.

“ಈಗ ಈ ಹುಡುಗಿ ಮುಚ್ಚಿದಳು. ಏನಮ್ಮಾ ನಿಂದು?”

ಆ ಹುಡುಗಿ ಪುಟ್ಟೀರಿ, ಎಳೆಗೂಸಿನ ತಾಯಿ. “ನಂದೂ ಅದೇ ಬುದ್ಧಿ.”

“ಅಗೋ, ಆ ದಾಂಡಿಗ!”

ದಾಂಡಿಗ ಅಂದರೆ ಕರಿಹನುಮ, ಕೇರಿಗೆಲ್ಲ ಗಟ್ಟಿ ಆಳು. ಅವನು ಹಲ್ಲು ಕಿರಿದ. “ನಾನೂ ಉಸುರಾಡ್ತೀನಿ ಬುದ್ಧಿ. ನಮ್ಮಪ್ಪನ ಕಾಲದಿಂದ ಬಂದಿರೋ ಚಾಳಿ.”

ಎಲ್ಲರೂ ನಕ್ಕರು. ನರಸೋಜಿ ನಗಲಿಲ್ಲ. “ಯಾವಾಗ ನೋಡಿದರೂ ಇಬ್ಬರು ಮೂವರು ಸುಮ್ಮನಿರ್ತೀರಿ. ಮಿಕ್ಕವರ ಹಾಡಿನಲ್ಲಿ ಮೈಗಳ್ಳತನ! ಇವತ್ತಿಂದ ಯಾರೂ ಬಾಯಿ ಮುಚ್ಚಕೂಡದು. ಎಲ್ಲರೂ ಹಾಡಬೇಕು, ಎಲ್ಲಾ ಹೊತ್ತೂ.”

ಸರಿ, ಹಾಡಿದರು. ಓಬಳಯ್ಯ ದನಿಯಿಲ್ಲದೆ ತುಟಿ ಅಲ್ಲಾಡಿಸಿದ, ಮಿಕ್ಕ ಯಾರೂ ಬಾಯಿ ಮುಚ್ಚಲಿಲ್ಲ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಎಲ್ಲರ ದಮ್ಮೂ ಒಂದೇ ಜಾಗದಲ್ಲಿ ಮುಗಿಯಿತು. ಪದ ನಿಂತಿತು. ಕೊಡತಿಗಳೂ ನಿಂತವು. ಮತ್ತೆ ಎತ್ತಿದರು, ಮತ್ತೆ ನಿಂತಿತು. ಹೀಗೆ ನಿಂತು ನಿಂತು ಮುಗಿದ ಮಾಳಿಗೆಯ ಮೇಲೆ ಅರಸ ನೀರು ಕಟ್ಟಿಸಿ ನೋಡಿದ. ಕೊಡತಿ ನಿಂತಲ್ಲೆಲ್ಲ ಸೋರಿತು. ಕೆಳಗೆ ಕುದುರೆಗಳು ಸಾಲಾಗಿ ಸೀನಿದವು.

ಎರಡನೆಯದು ಮದ್ದಿನ ಮನೆ.

“ಪದವೇ ಬೇಡ,” ಅಂದ ನರಸೋಜಿ. “ಹಾಡಿದರೆ ತಾನೆ ಉಸುರಿನ ರಗಳೆ? ಜಾಗಟೆ ಹೊಡೆಸ್ತೀನಿ. ಜಾಗಟೆಗೊಂದು ಪೆಟ್ಟು. ಮಾತಿಲ್ಲ, ಕತೆಯಿಲ್ಲ.”

ಜಾಗಟೆ ಹೊಡೆದರು. ಡಣ್. ಡಣ್. ಡಣ್. ಕರಿಹನುಮ ಬಡಿದಲ್ಲಿ ಕುಳಿ ಬಿತ್ತು. ತಿಪ್ಪಜ್ಜಿ ಬಡಿದಲ್ಲಿ ದಿಬ್ಬ ಉಳಿಯಿತು. ಪದವಿದ್ದಾಗ ಗಟ್ಟಿ ಕೈ ತುಸು ತಗ್ಗುತ್ತಿತ್ತು, ಸೋತ ಕೈ ತುಸು ಏರುತ್ತಿತ್ತು, ಯಾರೂ ಹೇಳಬೇಕಿರಲಿಲ್ಲ. ಜಾಗಟೆಗೆ ಯಾರ ಮುಖವೂ ಕಾಣುವುದಿಲ್ಲ. ಬಿಸಿಲೇರಿತು, ಡಣ್. ಪುಟ್ಟೀರಿಯ ಕೂಸು ಅತ್ತಿತು, ಡಣ್.

ಅರಸ ನೀರು ಕಟ್ಟಿಸಿದ. ಕುಳಿಗಳಲ್ಲಿ ನೀರು ನಿಂತಿತು, ನಿಂತು ಇಳಿಯಿತು. ಮದ್ದು ಅಂಬಲಿಯಾಯಿತು.

ಅರಸನ ಹುಬ್ಬು ಗಂಟಾಯಿತು. “ನರಸೋಜಿ, ಇನ್ನೊಂದೇ ಉಳಿದಿರೋದು. ಕಣಜ. ಊರಿನ ವರ್ಷದ ರಾಗಿ ಅದರೊಳಗೆ ಬರಬೇಕು. ಮೋಡ ಆಗಲೇ ಆಡ್ತಾ ಇದೆ.”

“ಈ ಸಲ ನೋಡಿ ಪ್ರಭು,” ಅಂದ ನರಸೋಜಿ.

ಮೂರನೆಯದು ಕಣಜ.

ನರಸೋಜಿ ಮಾಳಿಗೆಯ ಮೇಲೆ ಹುರಿ ಕಟ್ಟಿಸಿದ, ಉದ್ದಕ್ಕೂ ಅಡ್ಡಕ್ಕೂ. ಆಳಿಗೊಂದು ಚೌಕ. “ನಿಮ್ಮ ನಿಮ್ಮ ಚೌಕ ನಿಮ್ಮ ನಿಮ್ಮದು. ಮೊದಲು ಮುಗಿಸಿದವನಿಗೆ ಜರಿಯ ರುಮಾಲು. ಕಡೆಗೆ ಮುಗಿಸಿದವರಿಗೆ ನಾಳೆಯಿಂದ ಕೆಲಸವಿಲ್ಲ.”

ಅಯ್ಯೋ, ಆವತ್ತಿನ ಬೆಳಗನ್ನು ಏನು ಹೇಳಲಿ! ಒಂದೇ ಗಡಿಗೆಯಿಂದ ಅಂಬಲಿ ಕುಡಿದವರು ಅವರು. ಒಬ್ಬರ ಕೂಸನ್ನು ಒಬ್ಬರು ಎತ್ತಿಕೊಂಡವರು. ಬೊಮ್ಮವ್ವ ಇದ್ದಾಗ ಒಬ್ಬರ ಕಾಲಿಗೆ ಮುಳ್ಳು ಚುಚ್ಚಿದರೆ ಸಾಲೆಲ್ಲ ಬಗ್ಗಿ ನೋಡುತ್ತಿತ್ತು. ಈಗ ಬೆಲ್ಲದ ನೀರನ್ನು ಕರಿಹನುಮ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಕೊಡೋ ಹನುಮಣ್ಣ, ನನ್ನ ಗಾರೆ ಒಣಗ್ತಾ ಐತೆ!” ಅಂದಳು ಪುಟ್ಟೀರಿ.

“ನಿನ್ನ ಚೌಕ, ನಿನ್ನ ಪಾಡು.”

“ಥೂ, ಆ ರುಮಾಲು ಸುತ್ತಿಕೊಂಡು ಯಾವ ಹೆಣ್ಣು ನೋಡೋಕೆ ಹೋಗ್ತೀಯೋ? ಇರೋ ತಲೆಗೆ ಕೂದಲಿಲ್ಲ!”

ಓಬಳಯ್ಯ ತನ್ನ ಚೌಕದಲ್ಲಿ ತಲೆ ಬಗ್ಗಿಸಿ ಬಡಿದ. ಅವನಿಗೆ ರುಮಾಲಿನ ಆಸೆ ಇರಲಿಲ್ಲ. ಯಾರ ಮುಖ ನೋಡುವ ಆಸೆಯೂ ಇರಲಿಲ್ಲ. ಒಂಟಿ ಚೌಕ ಅವನಿಗೆ ಒಗ್ಗಿತು ಅಂತಲೇ ಹೇಳಬೇಕು. ಮನೆಗೆ ಹೋದರೂ ಅಷ್ಟೇ ತಾನೇ?

ಅವನ ಬೆನ್ನ ಹಿಂದಿನ ಚೌಕ ತಿಪ್ಪಜ್ಜಿಯದು.

ನೀರು ಕುಡಿಯಲೆಂದು ಓಬಳಯ್ಯ ಎದ್ದ. ತಿರುಗಿ ನೋಡಿದ. ತಿಪ್ಪಜ್ಜಿ ಹಸಿ ಗಾರೆಯ ಮೇಲೆ ಬಿದ್ದಿದ್ದಳು, ಕೆನ್ನೆ ಕೆಳಗಾಗಿ. ಕೊಡತಿ ಕೈಯಲ್ಲೇ ಇತ್ತು. ಯಾವಾಗ ಬಿದ್ದಳೋ. ಕೆನ್ನೆಯ ಸುಣ್ಣ ಒಣಗಿ ಬಿಳುಪಾಗಿತ್ತು.

“ಅಜ್ಜೀ!”

ಓಡಿ ಬಂದರು. ನೆರಳಿಗೆ ಒಯ್ದರು. ಒದ್ದೆ ಬಟ್ಟೆ ತಲೆಗೆ ಹಾಕಿದರು. ಮುದುಕಿ ಕಣ್ಣು ಬಿಟ್ಟಳು. ಬಿಟ್ಟವಳೇ, “ನನ್ನ ಚೌಕ ಮುಗೀಲಿಲ್ಲ ಕಣ್ರೋ,” ಅಂದಳು. ಕರಿಹನುಮ ಬೆಲ್ಲದ ನೀರಿನ ಗಡಿಗೆಯನ್ನು ಅವಳ ಬಾಯಿಗೆ ಹಿಡಿದು ಕೂಸಿನ ಹಾಗೆ ಅತ್ತ.

ಓಬಳಯ್ಯ ನಿಂತೇ ಇದ್ದ. ಅವಳು ಬಿದ್ದದ್ದು ಒಂದು ಮೊಳ ದೂರದಲ್ಲಿ. ತನಗೆ ಗೊತ್ತಾಗಲಿಲ್ಲ. ಪದ ಇದ್ದಿದ್ದರೆ ಗೊತ್ತಾಗುತ್ತಿತ್ತು. ಒಂದು ದನಿ ಕಡಿಮೆಯಾದರೆ ಸಾಲಿಗೆಲ್ಲ ಕೇಳುತ್ತಿತ್ತು.

ಅಷ್ಟರಲ್ಲಿ ಅರಸ ಬಂದ. ಒಣಗಿದ ಕಡೆ ನೀರು ಕಟ್ಟಿಸಿದ. ಕೆಳಗಿಳಿದು ಕಣಜದೊಳಗೆ ತಲೆಯೆತ್ತಿ ನೋಡಿದ. ಹುರಿ ಕಟ್ಟಿದ್ದ ಗೆರೆಗೆ ಸರಿಯಾಗಿ, ಉದ್ದಕ್ಕೂ ಅಡ್ಡಕ್ಕೂ, ನೀರು ತೊಟ್ಟಿಕ್ಕುತ್ತಿತ್ತು.

ನರಸೋಜಿಗೆ ಬೆವರು ಬಂತು. ತಕ್ಷಣ ಕೈ ಮುಗಿದ. “ಪ್ರಭು, ನನ್ನ ತಪ್ಪಲ್ಲ. ಇವರ ಪದ ಎತ್ತೋಳು ಸತ್ತಳು. ಇವರ ಕೈಗುಣ ಅವಳ ಹಿಂದೆಯೇ ಹೋಯಿತು. ಉಳಿದಿರೋದು ಮೈಗಳ್ಳರು. ಇವರನ್ನ ಸೀಮೆ ಬಿಡಿಸಿ. ಬೇರೆ ಕಡೆಯಿಂದ ಆಳು ತರಿಸ್ತೀನಿ.”

ಅರಸ ಮೋಡ ನೋಡಿದ. ಕೆಳಗೆ ರಾಗಿಯ ಗಾಡಿಗಳು ಸಾಲುಗಟ್ಟಿದ್ದವು. “ಹಾಗೇ ಆಗಲಿ,” ಅಂದ. “ಗಾರೆಯವರು ಹೊತ್ತು ಮುಳುಗೋದರೊಳಗೆ ಸೀಮೆ ದಾಟಲಿ.”

ಸೀಮೆ ದಾಟುವುದೆಂದರೆ ಏನು? ಮನೆ ಬಿಡಬೇಕು. ಕೇರಿ ಬಿಡಬೇಕು. ಕೋಟೆಯ ಕೆಳಗೆ, ಕಲ್ಲುಬಂಡೆಯ ಮಗ್ಗುಲಲ್ಲಿ ಬೊಮ್ಮವ್ವನ ಮಣ್ಣು ಇತ್ತು. ಅದನ್ನೂ ಬಿಡಬೇಕು. ಓಬಳಯ್ಯನ ಕಾಲು ಅವನು ಹೇಳದೆಯೇ ಮುಂದೆ ಬಂತು. ಬೊಮ್ಮವ್ವ ಹೋದ ಮೇಲೆ ಅವನು ನಾಲ್ಕು ಜನರೆದುರು ಬಾಯಿ ತೆಗೆದದ್ದು ಆವತ್ತೇ.

“ಅಡ್ಡಬಿದ್ದೆ ಪ್ರಭು. ಒಂದು ಮಾತು ಕೇಳ್ಲಾ?”

“ಕೇಳು.”

“ನಿಮ್ಮನ್ನಲ್ಲ. ಈ ಬುದ್ಧಿಯೋರನ್ನ.” ನರಸೋಜಿಯ ಕಡೆ ತಿರುಗಿದ. “ಬುದ್ಧಿ, ಪದ ಹೇಳೋವಾಗ ಬಾಯಿ ಮುಚ್ಚೋನು ಮೈಗಳ್ಳ. ಹೌದಾ?”

“ಹೌದು!”

“ಯಾರ ಪದ ಮುರೀತದೋ ಅವರು ಮೈಗಳ್ಳರು. ಹೌದಾ?”

“ಹೌದು ಹೌದು!”

“ಮೈಗಳ್ಳರು ಅಂತ ಗೊತ್ತಾದ್ರೆ, ಅವರು ಯಾರೇ ಆಗಿರಲಿ, ತಕ್ಕ ಶಿಕ್ಷೆ ಆಗಬೇಕು. ಹೌದಾ?”

“ಮೂರು ಸಲ ಹೌದು!” ಅಂತ ನರಸೋಜಿ ಮೀಸೆ ತಿರುವಿದ.

“ಹಂಗಾದ್ರೆ ಪ್ರಭು, ಬುದ್ಧಿಯೋರು ಒಳ್ಳೆ ಹಾಡುಗಾರರು ಅಂತ ಕೇಳಿದೀವಿ. ಒಂದು ಸಾಲು ಎತ್ತಿ ಬಾಯಿ ಮುಚ್ಚದೆ ಹಿಡೀಲಿ. ಆಮೇಲೆ ನಾವು ಹಿಡೀತೀವಿ. ನಮ್ಮದು ಅವರದಕ್ಕಿಂತ ಬೇಗ ಮುರಿದ್ರೆ ಹೊತ್ತು ಮುಳುಗೋ ತನಕ ಯಾಕೆ, ಈಗಲೇ ಹೋಗ್ತೀವಿ.”

ಅರಸನಿಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು. “ನರಸೋಜಿಯದು ಮುರಿದರೆ?”

“ನಮ್ಮ ಜೊತೆ ಸುಣ್ಣ ಹೊರಲಿ ಪ್ರಭು. ಬೇರೇನೂ ಬೇಡ.”

ಅರಸ ನರಸೋಜಿಯ ಮುಖ ನೋಡಿದ. ಹಾಡುಗಾರ ಅಂತ ಹೇಳಿಕೊಂಡಾಗಿದೆ. ಹೌದು ಅಂತ ಮೂರು ಸಲ ಹೇಳಿಯೂ ಆಗಿದೆ. ಹಿಂದೆ ಸರಿಯುವುದೆಲ್ಲಿಗೆ? ನರಸೋಜಿ ಕೊಡೆ ಕೆಳಗಿಟ್ಟ. ಗಂಟಲು ಸರಿ ಮಾಡಿಕೊಂಡ. ಎದೆ ತುಂಬ ಗಾಳಿ ಎಳೆದುಕೊಂಡು “ಆ...” ಅಂತ ಶುರುಮಾಡಿದ. ದನಿ ಗಟ್ಟಿಯಾಗಿಯೇ ಇತ್ತು. ಮುಖ ಕೆಂಪಾಯಿತು. ಆಮೇಲೆ ಬದನೆಕಾಯಿ ಬಣ್ಣಕ್ಕೆ ಬಂತು. ಕಣ್ಣು ಹೊರಕ್ಕೆ ಬಂತು. ಪೇಟ ಜಾರಿತು. ಪದ ಮುರಿಯಿತು.

“ಗಾಳಿ ಜಾಸ್ತಿ ಇತ್ತು ಪ್ರಭು, ಇನ್ನೊಂದು ಸಲ!”

ಇನ್ನೊಂದು ಸಲವೂ ಮುರಿಯಿತು.

“ಗಂಟಲು ಒಣಗಿತ್ತು ಪ್ರಭು!”

ನೀರು ಕೊಟ್ಟರು. ಕುಡಿದು ಮೂರನೆಯ ಸಲ ಎತ್ತಿದ. ಈ ಸಲ ಕೆಮ್ಮು ಬಂತು. ಕೆಮ್ಮುತ್ತಾ ಕೂತುಬಿಟ್ಟ.

“ಈಗ ನೀವು,” ಅಂದ ಅರಸ.

ಗಾರೆಯವರು ಹುರಿಗಳನ್ನು ಕಿತ್ತೆಸೆದರು. ಬಿರುಕು ಬಿಟ್ಟ ಗಾರೆಯನ್ನು ಒಂದು ಕಡೆ ಒಡೆದು ತೆಗೆದು ಹೊಸದಾಗಿ ಹರಡಿದರು. ಸಾಲಾಗಿ ಕೂತರು. ಆದರೆ ಪದ ಎತ್ತುವವರು ಯಾರು? ತಿಪ್ಪಜ್ಜಿ ನೆರಳಲ್ಲಿ ಒರಗಿದ್ದಳು.

“ನೀನೇ ಎತ್ತು ಓಬಳ,” ಅಂದಳು. “ಇಷ್ಟು ವರ್ಷ ಅವಳ ಪಕ್ಕ ಕೂತೋನು ನೀನಲ್ಲದೆ ಇನ್ಯಾರು?”

“ನನ್ನ ಕೈಲಾಗಲ್ಲ ಅಜ್ಜಿ. ನನ್ನ ಉಸುರು ನಿಂಗೆ ಗೊತ್ತಿಲ್ವಾ?”

“ಉಸುರಿನ ಚಿಂತೆ ಸಾಲಿಗೆ ಬಿಡು. ನೀನು ಎತ್ತು ಅಷ್ಟೇ.”

ಓಬಳಯ್ಯ ಕೊಡತಿ ಹಿಡಿದ. ಪಕ್ಕದ ಜಾಗ, ಬೊಮ್ಮವ್ವನದು, ಖಾಲಿ ಇತ್ತು. ಯಾರೂ ಅಲ್ಲಿ ಕೂತಿರಲಿಲ್ಲ, ಇಷ್ಟು ದಿನವೂ. ಅವನು ಸರಿದು ಆ ಜಾಗದಲ್ಲಿ ಕೂತ. ಎತ್ತಿದ.

ಬಿಳಿಯ ಸುಣ್ಣಕ್ಕೆ...

ದನಿ ಒಡಕಲು. ಆದರೂ ಸಾಲು ಹಿಡಿಯಿತು. ಕೊಡತಿಗಳು ಒಟ್ಟಿಗೆ ಬಿದ್ದವು. ಎರಡನೆಯ ಸಾಲಿಗೆ, “ಮಳೆರಾಯ ಬಂದಾನು” ಅನ್ನುವ ಕಡೆ, ಬೊಮ್ಮವ್ವ ದನಿಯನ್ನು ಒಂಚೂರು ಎಳೆಯುತ್ತಿದ್ದಳು. ಅಲ್ಲಿಗೆ ಬಂದ ಓಬಳಯ್ಯ. ದನಿ ಹೊರಡಲಿಲ್ಲ. ಕಣ್ಣು ತುಂಬಿ ಕೈಯ ಕೊಡತಿಯೂ ಕಾಣಲಿಲ್ಲ. ಮುಗಿಯಿತು ಅಂದುಕೊಂಡ. ಎಲ್ಲರನ್ನೂ ಊರು ಬಿಡಿಸಿದೆ ಅಂದುಕೊಂಡ.

ಪದ ನಿಂತಿರಲಿಲ್ಲ.

ಎಡಗಡೆ ಪುಟ್ಟೀರಿ ಹಿಡಿದಿದ್ದಳು. ಬಲಗಡೆ ಕರಿಹನುಮ ಹಿಡಿದಿದ್ದ. ಅತ್ತ ಕಡೆಯ ತುದಿಯವರೂ ಹಿಡಿದಿದ್ದರು. ಓಬಳಯ್ಯ ಒಂದು ಪದ ಪೂರ್ತಿ ಅತ್ತ. ಬೊಮ್ಮವ್ವ ಹೋದ ದಿನ ಅಳಬೇಕಾಗಿದ್ದದ್ದನ್ನೂ ಅತ್ತ. ಕೆಳಗಿದ್ದ ಅರಸನಿಗೆ ತಿಳಿಯಲಿಲ್ಲ. ಪದ ನೀರಿನ ಹಾಗೆ ಹರಿಯುತ್ತಲೇ ಇತ್ತು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಪದದೊಳಗೆ ಬಂದ. ಪುಟ್ಟೀರಿ ಉಸಿರಿಗೆ ಬಿಟ್ಟಳು, ಅವನು ಹಿಡಿದ.

ಅರಸ ಮಜ್ಜಿಗೆ ಕುಡಿದ. ಪದ ನಡೆದಿತ್ತು. ಎಲೆ ಅಡಿಕೆ ಹಾಕಿಕೊಂಡ. ಪದ ನಡೆದಿತ್ತು. ಬೇಸತ್ತು ಎದ್ದುಹೋಗಿ ಆನೆಗಳನ್ನು ನೋಡಿಕೊಂಡು ಬಂದ. ಪದ ನಡೆದೇ ಇತ್ತು. ಕೊಡತಿಗಳು ಪುಟಿಯುತ್ತಿದ್ದವು.

“ಸಾಕು, ನಿಲ್ಲಿಸಿ!” ಅಂದ ಅರಸ. “ನೀವೇನು ಮನುಷ್ಯರೋ ಭೂತಗಳೋ? ಉಸಿರೇ ಆಡಲ್ವಾ?”

“ಎಲ್ಲಾರೂ ಆಡಿದ್ವಿ ಪ್ರಭು,” ಅಂದ ಓಬಳಯ್ಯ. “ಒಬ್ಬರಾದ ಮೇಲೆ ಒಬ್ಬರು ಆಡಿದ್ವಿ. ಒಬ್ಬ ಬಾಯಿ ಮುಚ್ಚಿದಾಗ ಪಕ್ಕದೋನು ಹಿಡ್ಕಂತಾನೆ. ಅವನು ಮುಚ್ಚಿದಾಗ ಇವನು. ಬುದ್ಧಿಯೋರು ನೋಡಿದ್ದು ಮುಚ್ಚಿದ ಬಾಯಿ. ಅದರ ಪಕ್ಕದ ಬಾಯಿ ನೋಡ್ಲಿಲ್ಲ.”

ಅರಸ ನರಸೋಜಿಯ ಕಡೆ ತಿರುಗಿದ. “ಕೊಡೆ ಕೊಡು ಇಲ್ಲಿ.” ಕೊಡೆಯನ್ನು ತಿಪ್ಪಜ್ಜಿಯ ತಲೆಯ ಮೇಲೆ ಹಿಡಿಯಲು ಒಬ್ಬ ಆಳಿಗೆ ಹೇಳಿದ. “ಈಗ ನೀನು ಸುಣ್ಣದ ಪುಟ್ಟಿ ಎತ್ತು.”

ನರಸೋಜಿ ಸುಣ್ಣದ ಪುಟ್ಟಿ ಹೊತ್ತ. ಮೊದಲ ದಿನ ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತಾ ಕೂತ. ಯಾರಾದರೂ ಬೈಯುತ್ತಾರೆ ಅಂತ ಸುತ್ತ ನೋಡಿದ. ಕರಿಹನುಮ ಬಂದು ಪುಟ್ಟಿಯನ್ನು ತನ್ನ ತಲೆಗೆ ಎತ್ತಿಕೊಂಡ. “ಕೂತ್ಕಳಿ ಬುದ್ಧಿ, ಸುಧಾರಿಸ್ಕಳಿ. ನೀವು ಬಾಯಿ ನೋಡಿದಂಗೆ ನಾವೇನು ಮೀಸೆ ನೋಡಲ್ಲ,” ಅಂದ. ಸಾಲೆಲ್ಲ ನಕ್ಕಿತು. ನರಸೋಜಿಯೂ ನಕ್ಕ, ಸ್ವಲ್ಪ ತಡವಾಗಿ. ಅವನು ಪಾರುಪತ್ತೇಗಾರನಾಗಿ ಮತ್ತೆ ಕೊಡೆ ಹಿಡಿಯಲಿಲ್ಲ.

ಕಣಜದ ಮಾಳಿಗೆ ಮುಗಿಯಿತು. ನೀರು ಕಟ್ಟಿದರು. ಅರಸ ಒಳಗೆ ಹೋಗಿ ಒಣ ಅಂಗೈಯನ್ನು ಮಾಳಿಗೆಯ ಅಡಿಗೆ ಒತ್ತಿ ನೋಡಿದ. ಅಂಗೈ ಒಣಗಿಯೇ ಇತ್ತು. ಗಾಡಿಗಳು ಒಳಗೆ ಬಂದವು. ರಾಗಿ ತುಂಬಿತು. ಸಂಜೆಗೆ ಮಳೆ ಬಿತ್ತು, ಆ ಬೆಟ್ಟದ ಮಳೆ, ಒಂದೇ ಸಲಕ್ಕೆ. ಒಂದು ಕಾಳೂ ನೆನೆಯಲಿಲ್ಲ. ಗಾರೆಯವರು ಸೀಮೆ ಬಿಡಲಿಲ್ಲ. ಮಿಕ್ಕ ಎರಡು ಮಾಳಿಗೆಗಳನ್ನು, ಬಿಸಿಲು ಬಿದ್ದ ಕೂಡಲೇ ಒಡೆದು ಮತ್ತೆ ಮಾಡಿರಿ ಅಂತ ಅರಸ ಹೇಳಿದ.

ಇದರ ನೀತಿ ಇಷ್ಟೇ, ಮಕ್ಕಳೇ. ಕೂಡಿ ಮಾಡುವ ಕೆಲಸದಲ್ಲಿ ಒಬ್ಬ ನಿಂತು ಉಸಿರಾಡಿದರೆ ಅವನನ್ನು ಮೈಗಳ್ಳ ಅನ್ನಬೇಡಿ. ಅವನ ಪಾಲನ್ನು ಅಷ್ಟು ಹೊತ್ತು ಹಿಡಿದುಕೊಳ್ಳಿ. ನಿಮ್ಮ ದಮ್ಮು ಕಟ್ಟಿದಾಗ ನಾಚಿಕೆ ಬೇಡ, ಬಿಡಿ, ಪಕ್ಕದವನು ಇದ್ದಾನೆ. ಜೊತೆಯವರನ್ನು ಒಬ್ಬರಿಗೊಬ್ಬರು ಎದುರು ನಿಲ್ಲಿಸುವ ಯಜಮಾನ, ಉಸಿರಿಗೂ ಬಿಡುವು ಕೊಡದ ಯಜಮಾನ, ಎಷ್ಟು ಗಟ್ಟಿ ಸುಣ್ಣ ಹಾಕಿಸಿದರೂ ಅವನ ಮಾಳಿಗೆ ಸೋರುತ್ತದೆ.

ಮಳೆ ಬಿದ್ದ ಮಾರನೆಯ ಬೆಳಗ್ಗೆ ಬಿಸಿಲು ಬಂತು. ಸಾಲು ಕುದುರೆ ಲಾಯದ ಮೇಲೆ ಕೂತಿತು. ಓಬಳಯ್ಯ ಹೋಗಲಿಲ್ಲ. ಇವತ್ತು ಬರಲ್ಲ ಅಂತ ಪುಟ್ಟೀರಿಗೆ ಹೇಳಿದ. ಅವಳು ಯಾಕೆ ಅಂತ ಕೇಳಲಿಲ್ಲ, “ಹೂಂ ಮಾವ” ಅಂದಳು. ಅವನು ಮನೆಯೊಳಗೆ ಹೋಗಿ ಬೊಮ್ಮವ್ವನ ಸೀರೆಯನ್ನು ಗೂಟದಿಂದ ತೆಗೆದ. ಅವಳು ಬಿಚ್ಚಿ ಹಾಕಿದ ಹಾಗೇ ಇತ್ತು. ಅಂಚಿನ ತುಂಬ ಸುಣ್ಣದ ಕಲೆ. ಕೆರೆಗೆ ಒಯ್ದು ನೆನೆಸಿದ. ಕಲ್ಲಿನ ಮೇಲೆ ಮೆಲ್ಲಗೆ ಒಗೆದ, ಹರಿಯದ ಹಾಗೆ. ಬಂಡೆಯ ಮೇಲೆ ಹರವಿದ. ಮೇಲಿನಿಂದ ಪದ ಕೇಳುತ್ತಿತ್ತು, ಅವನಿಲ್ಲದೆಯೂ ನಿಂತಿರಲಿಲ್ಲ. ಸೀರೆ ಒಣಗುವವರೆಗೆ ಪಕ್ಕದಲ್ಲಿ ಕೂತಿದ್ದು, ಮಡಿಸಿಕೊಂಡು ಮನೆಗೆ ಬಂದ.